ಮಾಸ್ಟ್ರು ಹೊಡೆದ ತಪ್ಪಕ್ಷರ

ವೇಣೂರಿನಲ್ಲಿ ನಮಗೆ ಟೈಪಿಂಗ್ ಕಲಿಸಿದ ಮಾಸ್ಟ್ರು ಬೈದದ್ದು ನನಗೆ ನೆನಪಿಲ್ಲ. ಒಂದಕ್ಷರ ತಪ್ಪಿದರೂ ಹಿಂದಿನಿಂದ ಬಂದು, ಟೈಪ್‌ರೈಟರಿನಿಂದ ಕಾಗದವನ್ನು ಸರ್ರನೆ ಎಳೆದು, "ಪುನಃ ಹೊಡಿ" ಎನ್ನುತ್ತಿದ್ದರು, ಅಷ್ಟೇ. ಕೊನೆಯ ಸಾಲಿನಲ್ಲಿ ತಪ್ಪಿದರೂ ಮೊದಲಿನಿಂದಲೇ. ಆಗ ನನಗೆ ಬರುತ್ತಿದ್ದ ಸಿಟ್ಟು ಹೇಳಿ ಪ್ರಯೋಜನವಿಲ್ಲ.

ಮಕ್ಕಳೆಲ್ಲ ಕಂಪ್ಯೂಟರ್ ಕ್ಲಾಸಿನ ಕಡೆ ಹೊರಟು ಟೈಪಿಂಗ್ ಕ್ಲಾಸಿನ ಬೆಂಚುಗಳು ಖಾಲಿಯಾದಾಗ, ಮಾಸ್ಟ್ರು ತಾವೂ ಒಂದು ಕಂಪ್ಯೂಟರ್ ಕೊಳ್ಳಲು ಹಳೆಯ ಶಿಷ್ಯನಾದ ನನ್ನನ್ನು ಮೂಡುಬಿದಿರೆಗೆ ಕರೆದೊಯ್ದರು. ಹೊಸ ಅಂಗಡಿ, ಗಾಜಿನ ಬಾಗಿಲು, ಎಸಿ, ಮುಖ ಕಾಣುವ ನೆಲ. ಮಾಸ್ಟ್ರು ಹೊರಗೇ ಚಪ್ಪಲಿ ಬಿಟ್ಟರು.

"ಹಾಕಿಕೊಂಡೇ ಬನ್ನಿ ಸರ್" ಎಂದಳು ಅಂಗಡಿಯ ಹುಡುಗಿ.

"ಬೇಡ, ಇರಲಿ."

ಅವಳು ಅವರನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿ, "ಹೊಡೆದು ನೋಡಿ" ಎಂದಳು. ಅವರ ಬೆರಳಿನ ಬಲಕ್ಕೆ ಆ ಕೀಗಳು ತೀರಾ ಮೆದು. ಅರ್ಧ ಸಾಲಿಗೇ ಒಂದಕ್ಷರ ತಪ್ಪಿತು. ಅವರು ತಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ತಟ್ಟನೆ ಅವರ ಕೈ ಮಾನಿಟರಿನ ತಲೆಯ ಮೇಲೆ ಹೋಗಿ ಕಾಗದ ಹುಡುಕಿತು.

ಹುಡುಗಿ ನಗಲಿಲ್ಲ. ಒಂದು ಕೀ ಒತ್ತಿದಳು. ತಪ್ಪು ಮಾತ್ರ ಹೋಯಿತು; ಉಳಿದದ್ದೆಲ್ಲ ಹಾಗೇ ಇತ್ತು.

"ಗುರುತು ಕೂಡ ಇಲ್ಲವಲ್ಲ!" ಮಾಸ್ಟ್ರು ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ನಿನ್ನಿಂದ ಎಷ್ಟು ಕಾಗದ ಪುನಃ ಹೊಡೆಸಿದ್ದೇನೆ ಮಾರಾಯ?"

"ನೆನಪಿಲ್ಲ ಸರ್" ಎಂದೆ.

ಅವರು ಬೇಕೆಂದೇ ಇನ್ನೊಂದು ತಪ್ಪು ಹೊಡೆದು, ಆ ಕೀಯನ್ನು ತಾವೇ ಮೆಲ್ಲ ಒತ್ತಿದರು.