ಕಲ್ಲಿನಡಿಯ ಮೂರು ಬಾಲದ ಹುಳು

ಹಳ್ಳದ ಕಲ್ಲನ್ನು ಮಗುಚಿದಾಗ ಏಳುವ ವಾಸನೆಯೊಂದಿದೆ. ಪಾಚಿ, ತಣ್ಣನೆಯ ಮರಳು, ಕೊಳೆತ ಹೊಂಗೆ ಎಲೆ ಎಲ್ಲ ಬೆರೆತದ್ದು. ನಿಮಗೂ ಹೀಗೆ ನೆನಪು ತರುವ ವಾಸನೆಯೊಂದು ಇರಬಹುದು. ನನಗಂತೂ ಅದು ಮೂಗಿಗೆ ಬಂದರೆ ರಾಮಾಪುರದ ನಮ್ಮ ಮನೆ, ಹಿತ್ತಿಲಿಂದ ಹಳ್ಳಕ್ಕೆ ಇಳಿಯುತ್ತಿದ್ದ ಕಾಲುದಾರಿ, ಸೀರೆ ಎತ್ತಿ ಕಟ್ಟಿ ನೀರಿಗೆ ಬಗ್ಗಿ ನಿಂತ ಮಾದೇವತ್ತೆ ನೆನಪಾಗುತ್ತಾಳೆ. ಮಾದೇವತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದವಳು.

ಬಟ್ಟೆ ಒಗೆಯಲು ಹೋದರೂ ಅವಳ ಗಮನವೆಲ್ಲ ನೀರೊಳಗಿನ ಕಲ್ಲುಗಳ ಮೇಲೆ. ಒಂದನ್ನು ಮಗುಚಿ, ಅಡಿಗೆ ಅಂಟಿದ್ದ ಜೀವವನ್ನು ಬೊಗಸೆ ನೀರಿಗೆ ಬಿಟ್ಟು ನನ್ನನ್ನು ಕರೆಯುವಳು. ಹೆಸರುಗಳನ್ನು ನಾವಿಬ್ಬರೇ ಇಟ್ಟಿದ್ದೆವು. ಮರಳಿನ ಗೂಡು ಕಟ್ಟಿ, ಹೋದಲ್ಲೆಲ್ಲ ಎಳೆದುಕೊಂಡು ಹೋಗುವುದು ಮೂಟೆಹುಳು. ಮುಟ್ಟಿದರೆ ಹಿಂದಿನಿಂದ ನೀರು ಚಿಮ್ಮಿಸಿ ಮುಂದಕ್ಕೆ ನೆಗೆಯುವುದು ಏರೋಪ್ಲೇನ್ ಚಿಟ್ಟೆಯ ಮರಿ. ಮೂರು ಬಾಲದವುಗಳಲ್ಲಿ ಮಾತ್ರ ಎರಡು ಬಗೆ. ಥಟ್ಟನೆ ನೋಡಿದರೆ ಒಂದೇ ಥರ. ಬಿಟ್ಟರೆ ಒಂದು ಮೀನಿನಂತೆ ಅತ್ತಿತ್ತ ಬಳುಕುತ್ತದೆ, ಇನ್ನೊಂದು ಮೈಯನ್ನು ಮೇಲೆ ಕೆಳಗೆ ಕುಣಿಸುತ್ತದೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅತ್ತೆ ಪ್ರಶ್ನೆ ಕೇಳುವುದು ಹೆಚ್ಚಾಯಿತು. ಬಾಲ ಎಷ್ಟು, ಕಾಲು ಎಲ್ಲಿ, ಹೇಗೆ ಈಜುತ್ತದೆ ಎಂದು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡು ಹುರುಪಿನಿಂದ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಅವಳ ಬೊಗಸೆಗೆ ನಾನು ಬಿಟ್ಟ ಹುಳು ಬೆರಳ ಸಂದಿಯಲ್ಲಿ ಜಾರಿ ಹೋಯಿತು. ಅತ್ತೆ ಬರೀ ನೀರನ್ನೇ ನೋಡುತ್ತ, "ಎತ್ತಗೆ ಬಳುಕ್ತಾ ಅದೆ ಕೂಸು?" ಎಂದಳು.

"ಅತ್ತೆ, ನಿಂಗೆ ಕಾಣಾಕಿಲ್ವಾ?"

ಬೊಗಸೆಯ ನೀರು ಚೆಲ್ಲಿ ಹೇಳಿದಳು: "ಮಂಜು ಮಂಜಾಗಿ ಅದೆ. ನಿಮ್ಮಪ್ಪನ್ಗೆ ಯೋಳ್ಬ್ಯಾಡ. ಕಣ್ಗೆ ಕತ್ತಿ ಆಕ್ತರಂತೆ."

ಅವತ್ತು ಸಂಜೆಯೇ ಅಪ್ಪನಿಗೆ ಹೇಳಿಬಿಟ್ಟೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಳು. ಬಸ್ಸು ಹತ್ತಿ ಕೊಳ್ಳೇಗಾಲದ ಆಸ್ಪತ್ರೆಗೆ ಹೋಗುವಾಗ ಮಾತ್ರ ನನ್ನ ಕೈಯನ್ನು ದಾರಿಯುದ್ದಕ್ಕೂ ಬಿಡಲಿಲ್ಲ. ಪೊರೆ ತೆಗೆದರು. ಕಣ್ಣಿಗೆ ನೀರು ತಾಗಬಾರದೆಂದು ವಾರಗಟ್ಟಲೆ ಅವಳನ್ನು ಮನೆಯಲ್ಲೇ ಕೂರಿಸಿದರು. ಹೊಸ ಕನ್ನಡಕ ಬಂದ ದಿನ ಯಾರಿಗೂ ಹೇಳದೆ ಹಳ್ಳಕ್ಕೆ ನಡೆದಳು. ನಾನು ಹಿಂದೆ ಓಡಿದೆ.

ಅವಳು ಮಗುಚಿದ ಮೊದಲ ಕಲ್ಲಿನಡಿಯೇ ಮೇಲೆ ಕೆಳಗೆ ಕುಣಿಯುವ ಮೂರು ಬಾಲದ್ದು ಸಿಕ್ಕಿತು. ಬೊಗಸೆಯನ್ನು ಮುಖದ ಹತ್ತಿರ ತಂದು ಅತ್ತೆ ಬಹಳ ಹೊತ್ತು ಅಲುಗಾಡಲಿಲ್ಲ. ಹುಳು ಬೆಚ್ಚಿ ಸುಮ್ಮನಾಗಿತ್ತು. ಆದರೆ ಹೊಟ್ಟೆಯ ಎರಡೂ ಪಕ್ಕದಲ್ಲಿ ಎಳೆ ಎಲೆಗಳಂಥವು ಎಡೆಬಿಡದೆ ಮಿಡಿಯುತ್ತಿದ್ದವು.

"ಉಸ್ರಾಡ್ತಾ ಅದೆ ಕಣವ್ವ," ಎಂದಳು. ಅಷ್ಟು ವರ್ಷದಲ್ಲಿ ಅವಳು ಅದನ್ನು ಕಂಡಿರಲಿಲ್ಲ. ಚೆನ್ನಾಗಿ ಕಣ್ಣು ಕಾಣುತ್ತಿದ್ದ ನಾನೂ ಕಂಡಿರಲಿಲ್ಲ.

ಆಮೇಲೆ ಅತ್ತೆ ಕೆಲವು ವರ್ಷ ಇದ್ದಳು. ಅವಳು ಹೋದ ಮೇಲೆ ಮನೆ ಪಾಲಾಯಿತು, ಹಿತ್ತಿಲಿಗೆ ಅಡ್ಡ ಗೋಡೆ ಎದ್ದಿತು. ಈಗ ಊರು ಸುತ್ತಿಕೊಂಡು ಹಳ್ಳಕ್ಕೆ ಇಳಿಯಬೇಕು. ಮಳೆ ಚೆನ್ನಾಗಿ ಬಿದ್ದ ವರ್ಷ ಹೋಗುತ್ತೇನೆ. ಏನಾದರೂ ಹೊಸದು ಕಂಡರೆ ಅತ್ತೆಗೆ ತೋರಿಸಲೆಂದು ತಲೆ ಎತ್ತುತ್ತೇನೆ. ಆಮೇಲೆ ಮೆಲ್ಲಗೆ ನೀರಿಗೆ ಬಿಟ್ಟು ಬರುತ್ತೇನೆ.