ಸವ್ವಾತಿ ಮಂಜುಗಡ್ಡೆ ಹುಡುಕಿದ್ದು

ಡ್ಯಾನ್ಯೂಬ್ ನದಿ ಸಮುದ್ರ ಸೇರುವ ಕಡೆಯ ನಮ್ಮ ವಿಲ್ಕೊವೊದಲ್ಲಿ ಬೀದಿ ಕಡಿಮೆ, ಕಾಲುವೆ ಹೆಚ್ಚು. ನನ್ನ ಮನೆಗೂ ಸವ್ವಾತಿಯ ಮನೆಗೂ ನಡುವೆ ಇರುವುದು ಒಂದು ಕಾಲುವೆ, ಅದರ ಮೇಲೊಂದು ಹಲಗೆ. ಅವನು ಬಂದ ದಿನ ದೋಣಿಯಿಂದ ಸಾಮಾನು ಇಳಿಸುವುದನ್ನು ನಾನು ಅಂಗಳದಲ್ಲಿ ನಿಂತು ನೋಡಿದೆ. ಹೆಂಡತಿಯ ಹಾಸಿಗೆ, ದೇವರ ಪಟ, ಚಹಾ ಕಾಯಿಸುವ ಸಮೋವಾರ್ ಎಲ್ಲ ಇಳಿದ ಮೇಲೆ ಎದೆಯೆತ್ತರದ ಒಂದು ಕಬ್ಬಿಣದ ಹಾರೆ ಇಳಿಯಿತು. ಆಮೇಲೆ ಕೂರುವುದಕ್ಕೆ ಒಂದು ಮರದ ಪೆಟ್ಟಿಗೆ, ಮೊಳಕಾಲು ಮುಟ್ಟುವ ಉಣ್ಣೆ ಬೂಟು, ಮೊಳದುದ್ದದ ಗಾಳದ ಕಡ್ಡಿಗಳ ಒಂದು ಕಟ್ಟು. ಮಕ್ಕಳ ಆಟದ ಸಾಮಾನೇನೋ ಎನ್ನುವಂತಿದ್ದವು ಆ ಕಡ್ಡಿಗಳು.

ಸವ್ವಾತಿ ಹುಟ್ಟಿದ್ದು ಬೆಳೆದದ್ದು ಉತ್ತರದಲ್ಲಿ, ಕಾಮಾ ನದಿಯ ದಂಡೆಯಲ್ಲಿ. ಅಲ್ಲಿ ನದಿ ನವೆಂಬರಿನಲ್ಲಿ ಹೆಪ್ಪುಗಟ್ಟಿದರೆ ಏಪ್ರಿಲಿನವರೆಗೆ ಕರಗುವುದಿಲ್ಲ, ಅದರ ಮೇಲೆ ಲಾರಿ ಓಡುತ್ತದೆ. ಮಂಜುಗಡ್ಡೆಗೆ ತೂತು ಕೊರೆದು, ಪಕ್ಕದಲ್ಲಿ ಪೆಟ್ಟಿಗೆ ಹಾಕಿಕೊಂಡು ಕೂತು ಮೀನು ಹಿಡಿಯುವುದು ಅಲ್ಲಿನ ಗಂಡಸರ ರೂಢಿ. ಎಲ್ಲಿ ಕೊರೆಯಬೇಕು ಎನ್ನುವುದೇ ಅದರ ವಿದ್ಯೆ. ಸವ್ವಾತಿ ಕೂತ ಕಡೆ ಉಳಿದವರು ಬಂದು ಕೂರುತ್ತಿದ್ದರಂತೆ. ಇದನ್ನು ಹೇಳಿದವಳು ಅವನ ಹೆಂಡತಿ ಸ್ತೆಪಾನಿದ. ಅವನು ತನ್ನ ಬಗ್ಗೆ ಏನೂ ಹೇಳುವವನಲ್ಲ.

ಸ್ತೆಪಾನಿದ ನಮ್ಮೂರವಳೇ. ನಾವಿಬ್ಬರೂ ಒಂದೇ ಗುಡಿಯಲ್ಲಿ ಒಂದೇ ಮುದುಕಿಯ ಹತ್ತಿರ ಪ್ರಾರ್ಥನೆ ಕಲಿತವರು. ನಮ್ಮ ಹಳೆ ಪದ್ಧತಿಯ ಕ್ರೈಸ್ತರಲ್ಲೇ ಗಂಡು ಸಿಗಬೇಕೆಂದು ಅವಳನ್ನು ಅಷ್ಟು ದೂರ ಕೊಟ್ಟರು. ಅಲ್ಲಿಯ ಚಳಿಗೆ ಅವಳ ಎದೆ ಕೆಟ್ಟಿತು. ಚಳಿಗಾಲ ಬಂದರೆ ಬಾಗಿಲಿನಿಂದ ಬಾವಿಯವರೆಗೂ ಹೋಗಲಾರದಷ್ಟು ದಮ್ಮು. ಬೆಚ್ಚಗಿನ ಸೀಮೆಗೆ ಹೋಗದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಗಂಡನನ್ನು ಕರೆದುಕೊಂಡು ತಾಯಿಯ ಮನೆಗೆ ಬಂದಳು. ಇಲ್ಲಿ ಬಂದು ಆರು ತಿಂಗಳಿಗೆ ಅವಳು ಹಾಡುವುದು ಕಾಲುವೆಯಾಚೆಗೂ ಕೇಳಿಸತೊಡಗಿತು.

ಮೊದಲ ಚಳಿಗಾಲ ಗಡ್ಡೆಯೇ ಕಟ್ಟಲಿಲ್ಲ. ಮಳೆ, ಮಂಜು, ಕೆಸರು. ಸವ್ವಾತಿ ದಿನಾ ಬೆಳಿಗ್ಗೆ ಕುರಿತೊಗಲಿನ ಕೋಟು ಹಾಕಿಕೊಂಡು ಹಲಗೆಯ ಮೇಲೆ ನಿಂತು ಕೋಲಿನಿಂದ ಕಾಲುವೆಯ ಅಂಚನ್ನು ಮುಟ್ಟಿ ನೋಡುತ್ತಿದ್ದ. ಕೋಲು ನೀರಿಗಿಳಿಯುತ್ತಿತ್ತು. ಒಳಗೆ ಹೋಗುತ್ತಿದ್ದ. ಊರಿನ ಗಂಡಸರು ಬಲೆ ಹಾಕಲು ಕರೆದರೆ, "ಅದು ಕೂಲಿ ಕೆಲಸ, ಮೀನು ಹಿಡಿಯೋದಲ್ಲ" ಎಂದುಬಿಟ್ಟ.

ಆ ವಸಂತದಲ್ಲಿ ಒಂದು ದಿನ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವನು ಚಮಚ ಕೆಳಗಿಟ್ಟು ಹೇಳಿದ.

"ಸ್ತೆಪಾ, ಇನ್ನೊಂದು ಚಳಿಗಾಲ ನೋಡ್ತೀನಿ. ಸ್ರೇತೆನ್ಯ ಹಬ್ಬದವರೆಗೆ. ಗಡ್ಡೆ ಮೇಲೆ ಒಂದೇ ಒಂದು ಮೀನು ಹಿಡಿದ್ರೂ ಸಾಕು, ಇರ್ತೀನಿ. ಇಲ್ದಿದ್ರೆ ಊರಿಗೆ ಹೋಗ್ತೀನಿ."

"ನಾನು?"

"ನಿಂಗೆ ಅಲ್ಲಿ ಉಸಿರು ಸಾಗಲ್ಲ."

"ಅದು ಗೊತ್ತಿದ್ದೂ ಹೇಳ್ತಿದೀಯಲ್ಲ."

"ಗೊತ್ತಿರೋದಕ್ಕೇ ಈಗಲೇ ಹೇಳ್ತಿರೋದು. ಇಲ್ಲಿ ನಾನು ಯಾರು? ನಿನ್ನ ಗಂಡ, ಅಷ್ಟೇ."

"ಅಷ್ಟಾಗಿರೋದು ಕಮ್ಮಿನಾ?" ಎಂದಳು ಸ್ತೆಪಾನಿದ. ಅವನು ಮತ್ತೆ ಚಮಚ ಎತ್ತಿಕೊಂಡ. ಅವನದು ಕೋಪದ ಮಾತಲ್ಲ. ಕೋಪದ ಮಾತಾಗಿದ್ದರೆ ಮರುದಿನ ಮರೆಯಬಹುದಿತ್ತು. ಸ್ರೇತೆನ್ಯ ಎಂದರೆ ಫೆಬ್ರವರಿ ನಡುವಿನಲ್ಲಿ ಬರುವ ಹಬ್ಬ, ಚಳಿಯೂ ಬೇಸಿಗೆಯೂ ಎದುರುಬದುರಾಗುತ್ತವೆ ಎನ್ನುವ ದಿನ. ನಮ್ಮಲ್ಲಿ ಅದರಾಚೆ ಗಡ್ಡೆ ನಿಂತದ್ದನ್ನು ನಾನು ಕಂಡಿಲ್ಲ.

ಎರಡನೆಯ ಚಳಿಗಾಲ ಜನವರಿಯ ಜೋರ್ಡಾನ್ ಹಬ್ಬ ಮುಗಿದ ಮೇಲೆ ಉತ್ತರದ ಗಾಳಿ ಬೀಸಿ ಊರ ಪಕ್ಕದ ಕೆರೆ ಹೆಪ್ಪುಗಟ್ಟಿತು. ನಾವು ಜೊಂಡು ಕೊಯ್ಯುವವರು ಕಾಯುವುದೂ ಅದನ್ನೇ. ಮಾಡಿಗೆ, ಚಾಪೆಗೆ, ಬೇಲಿಗೆ ಎಲ್ಲಕ್ಕೂ ಜೊಂಡು ಬೇಕು, ಬೇಸಿಗೆಯಲ್ಲಿ ಕೆಸರಿನಲ್ಲಿ ಅದನ್ನು ಕೊಯ್ಯಲಾಗುವುದಿಲ್ಲ. ನಾನು ಕೊಯ್ದರೆ ಸ್ತೆಪಾನಿದ ದಡದಲ್ಲಿ ಕೂತು ಕಟ್ಟು ಕಟ್ಟುತ್ತಿದ್ದಳು. ನಮ್ಮಲ್ಲಿ ಯಾರೂ ಗಡ್ಡೆಯ ಮೇಲೆ ಬರಿಗೈಯಲ್ಲಿ ನಡೆಯುವುದಿಲ್ಲ. ಡಾಂಬರು ಬಳಿದ ಚಪ್ಪಟೆ ದೋಣಿಯನ್ನು ಜೊತೆಗೆ ಎಳೆದುಕೊಂಡು ಹೋಗುತ್ತೇವೆ, ಒಬ್ಬೊಬ್ಬರು ಒಂದೊಂದು ಬದಿಯನ್ನು ಕೈಯಲ್ಲಿ ಹಿಡಿದು. ಕಾಲ ಕೆಳಗೆ ಮುರಿದರೆ ಹಾರಿ ಒಳಗೆ ಕೂರುವುದು.

ಅದನ್ನು ನೋಡಿದ ದಿನ ಸವ್ವಾತಿ ನಕ್ಕ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

"ಉಸ್ತೀನಕ್ಕ, ಒಣ ನೆಲದ ಮೇಲೂ ದೋಣಿ ಎಳ್ಕೊಂಡು ಹೋಗ್ತೀರಾ, ಮಳೆ ಬಂದೀತು ಅಂತ?" ಎಂದು ನನ್ನನ್ನು ಕೇಳಿದ.

ಪಕ್ಕದ ಸಾಲಿನಲ್ಲಿ ಜೊಂಡು ಹೊರುತ್ತಿದ್ದ ಲಾರಿಯೋನ್ ಅಲ್ಲಿಂದಲೇ ಕೂಗಿದ. ಬಲೆಗಾರರ ತಂಡದ ಮುಖಂಡ ಅವನು, ಬಾಯಿಗೆ ಬಿಡುವಿಲ್ಲ. "ನಗಿ ಸ್ವಾಮಿ, ನಗಿ! ನಿಮ್ಮ ಹಾರೆ ಮೊದಲೇ ನಮ್ಮ ಹೆಸರಿಗೆ ಬರೆದುಕೊಟ್ಟು ನಗಿ. ನೀವು ಮುಳುಗಿದ ಮೇಲೆ ಅದನ್ನ ತಳದಿಂದ ತೆಗೆಯೋದು ಕಷ್ಟ."

"ಇದು ಗಡ್ಡೆ ಕಣಯ್ಯಾ, ಹಾಲಿನ ಕೆನೆಯಲ್ಲ."

"ನಮ್ಮಲ್ಲಿ ಕೆನೆಯೇ."

ಸವ್ವಾತಿ ಹಾರೆ ಹೆಗಲಿಗೇರಿಸಿ, ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡು ಕೆರೆಯ ನಡುವಿಗೆ ಹೋದ. ಅವನ ಊರಿನಲ್ಲಿ ಚಳಿಗೆ ಮೀನು ಆಳದ ಗುಂಡಿ ಸೇರುತ್ತದೆ, ಆದ್ದರಿಂದ ಆಳ ಎಲ್ಲಿದೆ ಎಂದು ದಂಡೆಯ ಇಳಿಜಾರು ನೋಡಿಯೇ ಅಂದಾಜು ಮಾಡಿದ್ದ. ಅಂದಾಜು ಸರಿಯಾಗಿಯೇ ಇತ್ತು. ಹಾರೆಯಿಂದ ಕೊರೆದು ಕೂತ. ತೂತಿನಿಂದ ಬಂದ ನೀರಿಗೆ ಕೊಳೆತ ಮೊಟ್ಟೆಯ ವಾಸನೆ. ಸಂಜೆಯವರೆಗೆ ಒಂದು ಮೀನೂ ಮುಟ್ಟಲಿಲ್ಲ. ಮರುದಿನ ಇನ್ನೊಂದು ಕಡೆ ಕೊರೆದ. ಅದೇ ವಾಸನೆ. ಹೀಗೆ ಎರಡು ವಾರ ಆ ಕೆರೆಯನ್ನು ಜರಡಿ ಮಾಡಿದ. ಮನೆಗೆ ಬಂದು ಬೂಟು ಬಿಚ್ಚಿ ಉಂಡು ಮಲಗುತ್ತಿದ್ದ. ಸ್ತೆಪಾನಿದ ಹಾಡುವುದು ನಿಂತಿತ್ತು.

ಆಮೇಲೆ ಅವನು ಜೊಂಡಿನ ಅಂಚಿಗೆ ಬಂದ. ಉತ್ತರದಲ್ಲಿ ಜೊಂಡಿರುವ ಕಡೆ ನೀರಿನ ಆಳ ಕಡಿಮೆ, ಅಲ್ಲೇ ಎಲ್ಲಕ್ಕಿಂತ ಮೊದಲು ಗಡ್ಡೆ ಕಟ್ಟುತ್ತದೆ, ಅಲ್ಲೇ ಎಲ್ಲಕ್ಕಿಂತ ದಪ್ಪ. ಆ ಲೆಕ್ಕದಲ್ಲಿ ಒಂದು ಸಲ ಹಾರೆ ಕುಟ್ಟಿ ನೋಡಿದ. ನೀರು ಚಿಮ್ಮಲಿಲ್ಲ. ಪೆಟ್ಟಿಗೆ ಇಟ್ಟು ಕೂತ. ನಿಂತಿದ್ದಾಗ ತಾಳಿದ ಗಡ್ಡೆ ಕೂತಾಗಲೂ ತಾಳಿತು, ಕೂತೇ ಇದ್ದಾಗ ತಾಳಲಿಲ್ಲ. ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಪೆಟ್ಟಿಗೆಯೂ ಇಲ್ಲ, ಅವನೂ ಇಲ್ಲ. ನೋಡಿದರೆ ಎದೆಮಟ್ಟ ನೀರಿನಲ್ಲಿ ನಿಂತಿದ್ದ. ಕಾಲು ಕೆಸರಿನಲ್ಲಿ ಹೂತಿತ್ತು. ಸುತ್ತ ಎಲ್ಲಿ ಕೈಯೂರಿದರೂ ಗಡ್ಡೆ ಬಿಸ್ಕತ್ತಿನಂತೆ ಮುರಿಯುತ್ತಿತ್ತು. ಟೊಪ್ಪಿಗೆ ಪಕ್ಕದಲ್ಲಿ ತೇಲುತ್ತಿತ್ತು.

ಅವನು ಕಿರುಚಲಿಲ್ಲ. "ಉಸ್ತೀನಕ್ಕ," ಎಂದ, ಬೇಲಿಯಾಚೆಯಿಂದ ಉಪ್ಪು ಕೇಳುವವನ ಹಾಗೆ, "ಆ ನಿಮ್ಮ ದೋಣಿ ಸ್ವಲ್ಪ ಈ ಕಡೆ ತರ್ತೀರಾ?"

ನಾನೂ ಸ್ತೆಪಾನಿದಳೂ ಎಳೆದುಕೊಂಡು ಹೋದೆವು. ಅವಳಿಗೆ ದಮ್ಮು ಹತ್ತಿ ಸೀಟಿ ಊದಿದಂತೆ ಉಸಿರು ಬರುತ್ತಿತ್ತು, ಆದರೂ ಬದಿ ಬಿಡಲಿಲ್ಲ. ಅವನು ದೋಣಿಯ ಅಂಚು ಹಿಡಿದು ಹೊಟ್ಟೆಯ ಮೇಲೆ ಒಳಗೆ ಬಿದ್ದ. ಒಂದು ಬೂಟು ಕೆಸರಿಗೇ ಹೋಯಿತು ಎಂದುಕೊಂಡೆವು, ಅದನ್ನು ಕೈಯಲ್ಲಿ ಹಿಡಿದೇ ಬಂದಿದ್ದ. ಹಾರೆಯನ್ನು ಹಗ್ಗದಿಂದ ಮಣಿಕಟ್ಟಿಗೇ ಕಟ್ಟಿಕೊಂಡಿದ್ದ.

ನನ್ನ ಮನೆ ಹತ್ತಿರ ಎಂದು ನನ್ನ ಒಲೆಯ ಮುಂದೆಯೇ ಕೂರಿಸಿದೆವು. ವೋಡ್ಕಾ ಹಾಕಿ ಬೆನ್ನು ತಿಕ್ಕುತ್ತಿದ್ದಾಗ ಲಾರಿಯೋನ್ ಬಾಗಿಲಲ್ಲಿ ಬಂದು ನಿಂತ.

"ಹೆಂಗಿತ್ತು ಕೆನೆ?"

"ತಣ್ಣಗಿತ್ತು" ಎಂದ ಸವ್ವಾತಿ.

ಲಾರಿಯೋನ್ ನಕ್ಕು ಒಳಗೆ ಬಂದು ಕೂತ. "ನೋಡಣ್ಣ, ಜೊಂಡಿನ ಬುಡ ಇಲ್ಲಿ ಚಳಿಗಾಲದಲ್ಲೂ ಕೊಳೀತಿರುತ್ತೆ. ಕೊಳೆತದ್ದು ಬಿಸಿ. ಗಡ್ಡೆ ಕೆಳಗಿಂದ ಸವೆದು ಮೇಲೆ ಬರೀ ಚರ್ಮ ಉಳಿಯುತ್ತೆ. ಇನ್ನು ನೀನು ನಡುವಿನಲ್ಲಿ ಕೊರೀತಿದ್ದೆಯಲ್ಲ, ಅಲ್ಲಿ ನೀರು ಸತ್ತು ಹೋಗಿದೆ. ವಾಸನೆ ಬರ್ಲಿಲ್ವಾ?"

"ಬಂತು. ನಿಮ್ಮೂರಿನ ನೀರೇ ಹಾಗೆ ಅಂದ್ಕೊಂಡೆ."

"ಅಲ್ಲಿ ಉಸಿರು ಕಟ್ಟಿ ಮೀನೆಲ್ಲ ಓಡಿರುತ್ತೆ, ಕಾಲುವೆ ಬಂದು ಕೆರೆ ಸೇರೋ ಬಾಯಿಗೆ. ಡ್ಯಾನ್ಯೂಬಿನ ಹೊಸ ನೀರು ಬರೋದು ಅಲ್ಲೇ."

ಸವ್ವಾತಿ ಬೆನ್ನು ನೇರ ಮಾಡಿದ. "ಅಲ್ಲಿ ಗಡ್ಡೆ ಎಷ್ಟಿದೆ?"

"ಎರಡು ಬೆರಳು. ಹರಿಯೋ ನೀರಲ್ವಾ."

"ನಡೆಯೋ ಹಂಗಿಲ್ಲ."

"ನಡಿ ಅಂದೋರು ಯಾರು? ದೋಣಿ ಎಳ್ಕೊಂಡು ಹೋಗು, ದೋಣೀಲೇ ಕೂತ್ಕೋ, ಬಗ್ಗಿ ತೂತು ಮಾಡು."

"ದೋಣೀಲಿ ಕೂತು ಹಿಡಿಯೋದಾದ್ರೆ ಬೇಸಿಗೇಲೇ ಹಿಡೀತಿದ್ದೆ" ಎಂದು ಸವ್ವಾತಿ ಒಲೆಯ ಕಡೆ ಮುಖ ತಿರುಗಿಸಿದ. ಲಾರಿಯೋನ್ ಸ್ತೆಪಾನಿದಳ ಮುಖ ನೋಡಿ ತಮಾಷೆ ಬಿಟ್ಟು ಎದ್ದು ಹೋದ. ಹಬ್ಬದ ಗಡುವಿನ ಮಾತು ಊರಿಗೆಲ್ಲ ಗೊತ್ತಿತ್ತು.

ಅದಾದ ಮೇಲೆ ಅವನು ಹೊರಗೆ ಹೋಗಲಿಲ್ಲ. ಗಾಳಿ ತಿರುಗಿ ದಕ್ಷಿಣದಿಂದ ಬೀಸಿತು, ಮಾಡಿನಿಂದ ನೀರು ತೊಟ್ಟಿಕ್ಕತೊಡಗಿತು. ಹಬ್ಬಕ್ಕೆ ಎರಡು ದಿನ ಇರುವಾಗ ನಾನು ಹಲಗೆ ದಾಟಿ ಅವರ ಮನೆಗೆ ಹೋದೆ. ಸ್ತೆಪಾನಿದ ಅವನ ಉಣ್ಣೆ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಅವುಗಳ ಅಡಿಭಾಗಕ್ಕೆ ದಪ್ಪ ದಾರದಲ್ಲಿ ಹೊಲಿಗೆ ಹಾಕುತ್ತಿದ್ದಳು. ಸವ್ವಾತಿ ಕಿಟಕಿಯ ಹತ್ತಿರ ಕೂತಿದ್ದ.

"ಈಗ್ಯಾಕೆ ಇದು? ಚಳಿ ಮುಗೀತಲ್ಲ" ಎಂದೆ.

"ಇಲ್ಲಿ ಮುಗೀತು" ಎಂದಳು ದಾರ ಕಚ್ಚಿ ಹರಿದು. "ಅಲ್ಲಿ ಮುಗಿಯೋಕೆ ಇನ್ನೂ ಎರಡು ತಿಂಗಳಿದೆ. ಹೋಗೋನು ಒದ್ದೆ ಬೂಟಲ್ಲಿ ಹೋಗೋದು ಬೇಡ."

ಅಳುತ್ತಿರಲಿಲ್ಲ. ಹೊಲಿಗೆ ನೋಡಿದೆ, ಒಂದೊಂದೂ ಒಂದೇ ಅಳತೆಯದು. ಸವ್ವಾತಿಯೂ ಅದನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಅವನು ನನ್ನ ಬಾಗಿಲಿಗೆ ಬಂದ. ಟೊಪ್ಪಿಗೆ ಕೈಯಲ್ಲಿತ್ತು.

"ಉಸ್ತೀನಕ್ಕ, ದೋಣಿ ಕೊಡ್ತೀರಾ?"

"ದೋಣಿ ಕೊಟ್ರೆ ಆಗ್ಲಿಲ್ಲ, ಇನ್ನೊಂದು ಬದಿ ಹಿಡಿಯೋರೂ ಬೇಕು" ಎಂದು ಶಾಲು ಬಿಗಿದು ಹೊರಟೆ. ಹಿಂದೆಯೇ ಸ್ತೆಪಾನಿದ ಬಂದಳು, ಬಾಯಿಗೆ ವಸ್ತ್ರ ಕಟ್ಟಿಕೊಂಡು.

"ನೀನು ಮನೇಲಿರು" ಎಂದ ಸವ್ವಾತಿ.

"ಇರಲ್ಲ."

"ದಮ್ಮು ಹತ್ತುತ್ತೆ."

"ಹಂಗಾದ್ರೆ ದೋಣೀಲಿ ಕೂರಿಸ್ಕೊಂಡು ಎಳಿ. ಮದುವೇಲಿ ಕುದುರೆ ಗಾಡಿ ಮಾಡಿಸ್ತೀನಿ ಅಂದಿದ್ದೆ, ಮಾಡಿಸ್ಲಿಲ್ಲ."

ಅವಳನ್ನು ಕೂರಿಸಿಯೇ ಎಳೆದೆವು. ಕೆರೆಯ ಗಡ್ಡೆ ಬೂದು ಬಣ್ಣಕ್ಕೆ ತಿರುಗಿತ್ತು, ಮೇಲೆ ನೀರು ನಿಂತಿತ್ತು. ಕಾಲುವೆಯ ಬಾಯಿ ಹತ್ತಿರ ಬರುತ್ತಿದ್ದಂತೆ ಅದು ಕಾಲ ಕೆಳಗೆ ಬಗ್ಗತೊಡಗಿತು. ಸವ್ವಾತಿ ಒಮ್ಮೆ ಕೆಳಗೆ ನೋಡಿದ, ಒಮ್ಮೆ ನನ್ನನ್ನು. ನಾನು ಹಾರಿ ಕೂತೆ. ಅವನೂ ಕೂತ. ದೋಣಿ ಗಡ್ಡೆಯ ಮೇಲೆ ನಿಂತಿತು.

ಅವನು ತಕ್ಷಣ ಕೊರೆಯಲಿಲ್ಲ. ತುಂಬ ಹೊತ್ತು ಗಡ್ಡೆಯ ಬಣ್ಣ ನೋಡಿದ. ಒಂದು ಕಡೆ ಅದು ಕಪ್ಪು, ಒಂದು ಕಡೆ ಬಿಳಿ, ನಡುವೆ ಹಗ್ಗ ಎಳೆದಂತೆ ಒಂದು ಗೆರೆ. ಹರಿಯುವ ನೀರು ನಿಂತ ನೀರನ್ನು ತಾಗುವುದು ಆ ಗೆರೆಯ ಮೇಲೆ ಎಂದು ನನಗೂ ತೋರಿಸಿದ. ಮೊದಲು ಸ್ವಲ್ಪ ಮುಂದಕ್ಕೆ ಎಂದ, ಆಮೇಲೆ ಹಿಂದಕ್ಕೆ ಎಂದ. ಹುಟ್ಟುಗೋಲಿನಿಂದ ತಳ್ಳಿ ತಳ್ಳಿ ಅವನು ಹೇಳಿದಲ್ಲಿ ನಿಲ್ಲಿಸಿದೆ. ಹಾರೆಯ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು, ನಮ್ಮ ಪದ್ಧತಿಯಂತೆ ಎರಡು ಬೆರಳಿನಿಂದ ಶಿಲುಬೆಯ ಗುರುತು ಹಾಕಿಕೊಂಡು, ಬದಿಯಿಂದ ಬಗ್ಗಿ ಮೂರೇ ಏಟಿಗೆ ತೂತು ಮಾಡಿದ. ಬಗ್ಗಿ ಮೂಸಿದ. ವಾಸನೆ ಇರಲಿಲ್ಲ.

ಗಾಳಕ್ಕೆ ಕೆಂಪು ಹುಳು ಸಿಕ್ಕಿಸಿ ಇಳಿಬಿಟ್ಟ. ಕಾದೆವು. ಸ್ತೆಪಾನಿದಳ ಉಸಿರು ಕೇಳಿಸುತ್ತಿತ್ತು, ಬೇರೆ ಸದ್ದಿಲ್ಲ. ಅಷ್ಟರಲ್ಲಿ ಕೆಳಗೆ ಬಟ್ಟೆ ಹರಿದಂತಾಗಿ ದೋಣಿ ಒಂದು ಗೇಣು ಕುಸಿಯಿತು. ಗಡ್ಡೆ ಮುರಿದು ನಾವು ನೀರಿಗಿಳಿದಿದ್ದೆವು. ತೂತಿನ ಸುತ್ತಲಿನ ಗಡ್ಡೆ ಮಾತ್ರ ರೊಟ್ಟಿಯ ಹಾಗೆ ಉಳಿದಿತ್ತು. ಸವ್ವಾತಿ ಕೈ ಅಲ್ಲಾಡಿಸಲಿಲ್ಲ.

"ಹೋಗೋಣ್ವಾ?" ಎಂದೆ.

"ಶ್ಶ್."

ಗಾಳದ ಕಡ್ಡಿಯ ತುದಿ ಒಮ್ಮೆ ತಲೆಯಾಡಿಸಿತು. ಅವನು ಎಳೆದ. ಅಂಗೈ ಉದ್ದದ ಪಟ್ಟೆ ಮೀನು, ಕೆಂಪು ರೆಕ್ಕೆಯದು, ತೂತಿನಿಂದ ಮೇಲೆ ಬಂದು ಗಡ್ಡೆಯ ಮೇಲೆ ಬಿದ್ದು ಪಟಪಟ ಬಡಿದುಕೊಂಡಿತು. ಬೆಕ್ಕಿಗೂ ಸಾಲದ ಮೀನು.

ಸ್ತೆಪಾನಿದ ಮೀನನ್ನು ನೋಡಲಿಲ್ಲ. ಬಾಯಿಯ ವಸ್ತ್ರ ಕೆಳಗೆಳೆದು ಗಂಡನನ್ನು ಕೇಳಿದಳು.

"ಇದು ಲೆಕ್ಕಕ್ಕೆ ಬರುತ್ತಾ?"

ಅವನು ತಾನು ಕೂತ ಹಲಗೆಯನ್ನು ನೋಡಿದ, ಸುತ್ತಲಿನ ನೀರನ್ನು ನೋಡಿದ. ಸುಳ್ಳು ಹೇಳುವವನಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಗಡ್ಡೆಯಿಂದ ಮೀನು ಎತ್ತಿಕೊಂಡು ಕೊಕ್ಕೆ ಬಿಡಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಮೀನು ಗಡ್ಡೆ ಕೆಳಗಿತ್ತು" ಎಂದ ಕೊನೆಗೆ. "ಗಡ್ಡೆ ಮೇಲೆ ಬಂತು. ನಾನು ಎಲ್ಲಿ ಕೂತಿದ್ದೆ ಅಂತ ಅದಕ್ಕೇನು ಗೊತ್ತು?"

"ಅದಕ್ಕಲ್ಲ, ನಿನಗೆ?"

"ಬರುತ್ತೆ, ಸ್ತೆಪಾ. ಲೆಕ್ಕಕ್ಕೆ ಬರುತ್ತೆ."

ಅವಳು ವಸ್ತ್ರವನ್ನು ಮತ್ತೆ ಬಾಯಿಗೆ ಏರಿಸಿದಳು. ಹಾಗೆ ಕಟ್ಟಿಕೊಂಡರೆ ಮುಖ ಕಾಣುವುದಿಲ್ಲ. ಸವ್ವಾತಿ ಮತ್ತೆ ಗಾಳ ಇಳಿಬಿಟ್ಟ. ಗಡ್ಡೆ ಪೂರ್ತಿ ಹೋಗುವವರೆಗೆ, ಮಧ್ಯಾಹ್ನದವರೆಗೆ, ಒಂದು ಬಕೆಟ್ಟಿನ ತಳ ಮುಚ್ಚುವಷ್ಟು ಹಿಡಿದ. ಬರುವಾಗ ಗಡ್ಡೆಯ ಚೂರುಗಳ ನಡುವೆ ಅವನೇ ಹುಟ್ಟು ಹಾಕಿದ.