ಗೊಮೆಜ್ಗಾನಿಯ ಗೋಡೆ

ಮ್ಜುಜು ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆಯ ಗೊಮೆಜ್ಗಾನಿ ಟೈಪು ಮಾಡಲು ಕೂತನೆಂದರೆ ಬಂದವರು ಗೋಡೆಯ ಕಡೆ ಮುಖ ತಿರುಗಿಸಬೇಕು. ಅದು ಅಲ್ಲಿನ ಮರ್ಯಾದೆ. ಕಾಲೇಜಿನಿಂದ ಇಂಟರ್ನೆಟ್ಟಿಗೆ ಹೋಗಲು ಇರುವುದು ಒಂದೇ ಬಾಗಿಲು, ಪ್ರಾಕ್ಸಿ ಸರ್ವರ್. ಬ್ರೌಸರು ಅದನ್ನು ತಾನೇ ಹುಡುಕಿಕೊಳ್ಳುತ್ತದೆ; ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆದು ಕೆಲಸ ಮಾಡುವವರು ಮಾತ್ರ ವಿಳಾಸ, ಪಾಸ್‌ವರ್ಡ್ ಎಲ್ಲವನ್ನೂ ಕೈಯಾರೆ ಕೊಡಬೇಕು. ಬಂದವರ ಲ್ಯಾಪ್‌ಟಾಪಿನಲ್ಲಿ ಗೊಮೆಜ್ಗಾನಿ ತನ್ನ ಪಾಸ್‌ವರ್ಡನ್ನೇ ಹಾಕಿ ಕೊಡುತ್ತಿದ್ದ. ಹೇಗೆಂದು ಒಂದು ನರಪಿಳ್ಳೆಗೂ ಹೇಳಿಕೊಟ್ಟವನಲ್ಲ. ಮನೆಯಲ್ಲಿ ಅವನ ಮಾತಿಗೆ ಕವಡೆ ಕಾಸಿನ ಬೆಲೆಯಿರಲಿಲ್ಲ. ಇಲ್ಲಿ ಪ್ರೊಫೆಸರುಗಳೇ ಎಣ್ಣೆಯಲ್ಲಿ ಕರಿದ ಬಿಸಿ ಮಂದಾಸಿ ಬನ್ನು ಹಿಡಿದು ಕಾಯುತ್ತಿದ್ದರು.

ಹೊಸ ಟೀಚರ್ ಲುಸುಂಗು ಬಂದವಳೇ ಆ ಗೋಡೆಗೇ ಒಂದು ಬಿಳಿ ಹಲಗೆ ಹೊಡೆಸಿ, ಹೊಡೆಯಬೇಕಾದ ಕಮಾಂಡನ್ನೆಲ್ಲ ದಪ್ಪಕ್ಷರದಲ್ಲಿ ಬರೆದುಬಿಟ್ಟಳು.

"ನಿಮ್ಗೂ ರಗಳೆ ತಪ್ತು ಅಲ್ವಾ ಅಣ್ಣಾ? ಅವರವರ ಪಾಸ್‌ವರ್ಡು ಅವರೇ ಹಾಕ್ಕೊಳ್ಲಿ."

"ತಪ್ತು ತಾಯಿ, ತಪ್ತು," ಎಂದ ಗೊಮೆಜ್ಗಾನಿ.

ಅದು ಬರೀ ಬಾಯಿಮಾತು. ಅವಳ ನಗು, ಅವಳ ಗುಂಡು ಅಕ್ಷರ, ಈಗ ಅವಳ ಮೇಜಿಗೆ ಹೋಗುತ್ತಿದ್ದ ಮಂದಾಸಿ, ಯಾವುದನ್ನೂ ಕಣ್ಣೆತ್ತಿ ನೋಡಲಾಗುತ್ತಿರಲಿಲ್ಲ. ತಪ್ಪು ಹುಡುಕಲೆಂದೇ ಹಲಗೆ ಓದಿದ. ಒಂದು ಸಿಕ್ಕಿತು! ಕಾಲೇಜು ಬಿಟ್ಟು ಹೊರಗೆ ಹೋದಾಗ ಹಾಕಿದ್ದನ್ನು ತೆಗೆಯಬೇಕು, ಇಲ್ಲದಿದ್ದರೆ ಕಮಾಂಡು ಅಲ್ಲಿಲ್ಲದ ಬಾಗಿಲನ್ನೇ ತಟ್ಟುತ್ತ ಕೂರುತ್ತದೆ. ಅದನ್ನು ಅವಳು ಬರೆದೇ ಇರಲಿಲ್ಲ. ಅವಳು ಲ್ಯಾಪ್‌ಟಾಪನ್ನು ಗೇಟು ದಾಟಿಸಿದ್ದರೆ ತಾನೇ ಗೊತ್ತಾಗುವುದು.

ರಾಜಧಾನಿ ಲಿಲೊಂಗ್ವೆಯಲ್ಲಿ ದೊಡ್ಡವರ ಮುಂದೆ ತನ್ನ ಕೆಲಸ ತೋರಿಸಲು ಹೊರಟ ದಿನ ಲುಸುಂಗು ಬಂದು ಕೇಳಿದಳು: "ಅಣ್ಣಾ, ಏನಾದ್ರೂ ಮರ್ತಿದೀನಾ?"

ನಾಲಿಗೆಯ ತುದಿಗೆ ಬಂದದ್ದನ್ನು ಅವನು ನುಂಗಿಕೊಂಡ.

"ಛತ್ರಿ ತಗೊಂಡ್ಯಾ?"

ಮಾರನೆಯ ದಿನ ಫೋನು ಬಂತು. ಸಾಕಷ್ಟು ಹೊತ್ತು ಬಡಿದುಕೊಳ್ಳಲು ಬಿಟ್ಟೇ ಎತ್ತಿದ.

"ಅಣ್ಣಾ, ಏನೂ ಬರ್ತಿಲ್ಲ. ಎಲ್ರೂ ಎದುರಿಗೇ ಕೂತಿದಾರೆ. ನಿಮ್ಮನ್ನ ಬಿಟ್ರೆ ಇದು ಯಾರಿಗೂ ಗೊತ್ತಿರಲ್ಲ."

ಆ ಒಂದು ಮಾತಿಗೆ ಅವನು ಉಬ್ಬಿಹೋದ. ಸತಾಯಿಸಬೇಕೆಂದುಕೊಂಡದ್ದು ಮರೆತೇಹೋಯಿತು. "ಅಯ್ಯೋ, ಅದಾ! ಹೊರಗೆ ಹೋದಾಗ ಹಾಕಿದ್ದನ್ನ ತೆಗೀಬೇಕು. ಅನ್‌ಸೆಟ್ ಅಂತ ಹೊಡಿ, ಮುಂದೆ ಎಚ್‌ಟಿಟಿಪಿ ಪ್ರಾಕ್ಸಿ. ಆಮೇಲೆ ಎಚ್‌ಟಿಟಿಪಿಎಸ್‌ಗೂ ಹಂಗೇ ಮಾಡು."

"ಬಂತು, ಬಂತು!" ಎಂದಳು. ಆ ಕಡೆ ಚಪ್ಪಾಳೆ ಕೇಳಿಸಿತು. ಅದು ತನಗಲ್ಲ, ಅವಳಿಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಊರಿಗೆ ಬಂದವಳು ಮೊದಲು ಮಾಡಿದ ಕೆಲಸ, ಆ ಸಾಲನ್ನೂ ಹಲಗೆಗೆ ಸೇರಿಸಿದ್ದು. ಕೆಳಗೆ 'ಗೊಮೆಜ್ಗಾನಿಯಣ್ಣ ಹೇಳಿದ್ದು' ಎಂದೂ ಬರೆದಳು. ಉಳಿದಿದ್ದ ಒಂದೇ ಗುಟ್ಟೂ ಹೀಗೆ ಬಯಲಾದದ್ದು ಅವನಿಗೆ ಗಾಯದ ಮೇಲೆ ಉಪ್ಪು ಸವರಿದಂತಾಯಿತು.

ಹಲಗೆಯಿದ್ದರೂ ಅವನ ಹತ್ತಿರ ಒಬ್ಬರು ಬಂದರು. ನಿವೃತ್ತಿಗೆ ಹತ್ತಿರವಾಗಿದ್ದ ಮಿಸೆಸ್ ನ್ಯಿರೊಂಗೊ, ಕೈಯಲ್ಲಿ ಹೊಸ ಲ್ಯಾಪ್‌ಟಾಪು ಮತ್ತು ಮಂದಾಸಿ. "ಹಾಕ್ಕೊಡೋ ಗೊಮೆ," ಎಂದು ಎಂದಿನಂತೆ ಗೋಡೆಯ ಕಡೆ ತಿರುಗಿ ನಿಂತರು. ಅವನು ಕುರ್ಚಿ ಎಳೆದುಕೊಂಡು ಗತ್ತಿನಿಂದ ಶುರುಮಾಡಿದ. ಬೆನ್ನ ಹಿಂದೆ ಸಣ್ಣಗೆ ಓದುವ ಸದ್ದು ಕೇಳಿಸತೊಡಗಿತು.

"ಲೋ, ಇಲ್ಲಿ ಬರ್ದಿರೋದೇ ಅಲ್ವೇನೋ ನೀನು ಹೊಡೀತಿರೋದು? ಇಷ್ಟೇನಾ! ಇದಕ್ಕಾ ಇಷ್ಟು ವರ್ಷ ನಿಂಗೆ ಮಂದಾಸಿ ತಿನ್ಸಿದ್ದು? ಏಳು, ಏಳು, ನಾನೇ ಹೊಡೀತೀನಿ."

ಅವನು ಎದ್ದ. ಅವರು ಕೂತು, ಹಲಗೆ ನೋಡಿ ನೋಡಿ ಒಂದೊಂದೇ ಅಕ್ಷರ ಒತ್ತಿದರು. ಆಮೇಲೆ ಕೈ ನಿಲ್ಲಿಸಿ ಅವನ ಮುಖ ನೋಡಿದರು.

"ಪಾಸ್‌ವರ್ಡು ಹಾಕ್ಬೇಕಪ್ಪ. ಆ ಕಡೆ ತಿರುಗು."

ಗೊಮೆಜ್ಗಾನಿ ಗೋಡೆಯ ಕಡೆ ತಿರುಗಿ ನಿಂತ. ಮೂಗಿನ ಮುಂದೆಯೇ ಲುಸುಂಗುವಿನ ಗುಂಡು ಅಕ್ಷರಗಳಿದ್ದವು.